ಕೆರೆ ಕ್ಲೀನ್ ಮಾಡಿ, ಮೀನು ಮೊಟ್ಟೆ ಇಡೋಕೂ ಸ್ವಲ್ಪ ಜಾಗ ಬಿಡಿ

ಸಂಪಾದಕರಿಗೆ ನಮಸ್ಕಾರ,

ಬೆಂಗಳೂರಿನ ಕೆರೆ ಬಗ್ಗೆ ನಿಮ್ಮ ಪೇಪರ್‌ನಲ್ಲಿ ಹೂಳು, ಒತ್ತುವರಿ, ನೊರೆ ಅಂತ ಏನಾದ್ರೂ ಬರ್ತಾನೇ ಇರತ್ತೆ, ಆದ್ರೆ ಅದ್ರಲ್ಲಿರೋ ಚಿಕ್ಕ ಮೀನು ಮೊಟ್ಟೆ ಎಲ್ಲಿಡತ್ತೆ ಅನ್ನೋ ಮಾತು ನಾನಂತೂ ಓದಿಲ್ಲ, ಅದಕ್ಕೇ ಈ ಪತ್ರ.

ಕಾಟ್ಲಾ, ರೋಹು ಕೆರೆಯ ನಿಂತ ನೀರಲ್ಲಿ ಮರಿ ಮಾಡಲ್ಲ, ಅವಕ್ಕೆ ಹರಿಯೋ ಹೊಳೆ ಬೇಕು, ಹಾಗಾಗಿ ಮೀನು ಹಿಡಿಯೋ ಟೆಂಡರ್ ತಗೊಂಡೋರು ಹೊರಗಿಂದ ಮರಿ ತಂದು ಬಿಡ್ತಾರೆ. ಪಕ್ಕೆ ತರದ ಚಿಕ್ಕ ಮೀನಿಗೆ ಯಾರೂ ಮರಿ ತಂದು ಬಿಡಲ್ಲ ಸ್ವಾಮಿ, ಅವೇ ಮಾಡ್ಕೋಬೇಕು. ಮಳೆ ಬಿದ್ದು ಹೊಸ ನೀರು ಬಂದ ತಕ್ಷಣ ದಡದ ಕಡೆ ಬರ್ತವೆ, ಮೊಣಕಾಲು ಮುಳುಗದಷ್ಟು ನೀರಲ್ಲಿ ಗಿಡಗಳ ಮಧ್ಯೆ ಅಂಟು ಮೊಟ್ಟೆ ಉದುರಿಸಿ ಹೋಗ್ತವೆ. ಮೊಟ್ಟೆ ಗಿಡಕ್ಕೆ ಕಚ್ಕೊಂಡ್ರೆ ಉಳಿಯತ್ತೆ, ಕೆಸರಿಗೆ ಬಿದ್ರೆ ಉಸಿರುಗಟ್ಟಿ ಕೊಳೆಯತ್ತೆ. ಮರಿ ಹೊರಗೆ ಬಂದ್ಮೇಲೂ ಅವಿತ್ಕೊಳ್ಳೋಕೆ ಅದೇ ಗಿಡ.

ಈಗ ನಾವು ಮಾಡ್ತಿರೋದೇನು? ದಡದಿಂದಲೇ ಆಳ ತೆಗೆದು ಸುತ್ತ ಕಲ್ಲು ಕಟ್ಟಿ ಮೇಲೊಂದು ವಾಕಿಂಗ್ ಪಾತ್ ಹಾಕಿ ಕೆರೇನ ಸೂಪ್ ಬೌಲ್ ಮಾಡಿಡ್ತೀವಿ, ತೆಳು ನೀರಿನ ಅಂಚೇ ಇರಲ್ಲ. ನಮ್ಮ ಏರಿಯಾ ಕೆರೇಲಿ ಸರಿಯಾಗಿ ಜೂನ್‌ನಲ್ಲೇ ಕಳೆ ಮಷಿನ್ ಇಳಿಸಿ ಜೊಂಡೆಲ್ಲಾ ಕಿತ್ತು ದಂಡೆ ಮೇಲೆ ಗುಡ್ಡೆ ಹಾಕಿದ್ರು, ನೋಡೋಕೆ ನೀಟಾಗಿತ್ತು ನಿಜ. ಗುಡ್ಡೆ ಹತ್ರ ಹೋಗಿ ಒಂದು ಎಳೆ ಎತ್ತಿ ನೋಡಿದ್ರೆ ಸಾಸಿವೆಗಿಂತ ಸಣ್ಣ, ಆರಪಾರ ಕಾಣೋ ಮೊಟ್ಟೆ ಸಾಲಾಗಿ ಅಂಟಿತ್ತು, ಬಿಸಿಲಿಗೆ ಆಗ್ಲೇ ಅರ್ಧ ಬೆಳ್ಳಗಾಗಿದ್ವು. 2016ರಲ್ಲಿ ಹಲಸೂರು ಕೆರೇಲಿ ಮೀನು ಸತ್ತು ತೇಲಿದಾಗ ಎಲ್ಲಾ ಕಡೆ ಫೋಟೋ ಬಂತು, ಹಿಂಗೆ ಸತ್ತ ಮೊಟ್ಟೆಗೆ ಯಾವ ಫೋಟೋ?

ಗಿಡ ಹೋದ್ರೆ ಎಲ್ಲಾ ಮೀನಿಗೂ ನಷ್ಟ ಅಲ್ಲ, ತಮಾಷೆ ಅದೇ. ಹೊರದೇಶದಿಂದ ಬಂದ ಜಿಲೇಬಿ ಮೀನು (ತಿಲಾಪಿಯಾ) ತಳದಲ್ಲಿ ಗುಂಡಿ ತೋಡ್ಕೊಳತ್ತೆ, ಮೊಟ್ಟೆ ಬಾಯಲ್ಲೇ ಇಟ್ಕೊಂಡು ಕಾಯತ್ತೆ, ಅದಕ್ಕೆ ಜೊಂಡು ಯಾಕೆ ಬೇಕು. ಸೊಳ್ಳೆ ಮರಿ ತಿನ್ನಲಿ ಅಂತ 1928ರಲ್ಲಿ ನಮ್ಮ ದೇಶಕ್ಕೆ ತಂದ ಗಂಬೂಸಿಯಾ ಮೀನು ನೇರ ಮರಿನೇ ಹಾಕತ್ತೆ, ಮೇಲಿಂದ ಬೇರೆ ಮೀನಿನ ಮೊಟ್ಟೆ ಮರಿನೂ ತಿನ್ನತ್ತೆ. ಅಂದ್ರೆ ಬೋಳು ಕೆರೇಲಿ ಹೊರಗಿನವೇ ಗೆಲ್ಲೋದು, ಊರಿನವು ಔಟ್.

ಅಮೆರಿಕದಲ್ಲಿ ಗಾಳಕ್ಕೆ ಸಿಕ್ಕಿಸೋಕೆ ಅಂತಲೇ ಚಿಕ್ಕ ಮೀನು ಸಾಕೋರಿದ್ದಾರೆ. ಗಿಡದಲ್ಲಿ ಮೊಟ್ಟೆ ಇಡೋ ಗೋಲ್ಡನ್ ಶೈನರ್‌ಗೆ ನಾರಿನ ಚಾಪೆ ಹಾಸ್ತಾರೆ, ಹಲಗೆ ಅಡಿಭಾಗಕ್ಕೆ ಮೊಟ್ಟೆ ಅಂಟಿಸೋ ಫ್ಯಾಟ್‌ಹೆಡ್ ಮಿನ್ನೋಗೆ ಮರದ ಹಲಗೆನೇ ಇಳಿಸ್ತಾರೆ. ಅಷ್ಟು ದೂರ ಯಾಕೆ, ನಮ್ಮಲ್ಲೂ ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) ಮರಿ ಮಾಡಿಸೋರು ಬಲೆಯೊಳಗೆ ಹೈಡ್ರಿಲ್ಲಾ ಗಿಡ ಹಾಕಿ ಮೊಟ್ಟೆ ಹಿಡೀತಾರೆ. ದುಡ್ಡಿಗೆ ಸಾಕೋರು ಅಷ್ಟು ನೋಡ್ಕೋತಾರೆ, ಕೆರೇಲಿ ಪುಕ್ಕಟೆ ಇರೋದನ್ನ ನಾವು ದುಡ್ಡು ಕೊಟ್ಟು ಕಿತ್ತು ಹಾಕ್ತೀವಿ.

ಕೆರೆ ಪೂರ್ತಿ ಮುಚ್ಚೋ ವಾಟರ್ ಹಯಸಿಂತ್ ಕಳೆ ತೆಗೀಲೇಬೇಕು, ಅದರಡಿ ಆಕ್ಸಿಜನ್ ತೀರಾ ಕಮ್ಮಿ ಆಗತ್ತೆ. ಆದ್ರೆ ರಾಜಕಾಲುವೆ ನೀರು ಒಳಗೆ ಬರೋ ಕಡೆ ಒಂದಷ್ಟು ಇಳಿಜಾರು ದಡ ಕಲ್ಲು ಕಟ್ಟದೆ ಜೊಂಡಿನ ಸಮೇತ ಬಿಡಿ, ಮೇ ಕೊನೆಯಿಂದ ಆಗಸ್ಟ್ ತನಕ ಅಲ್ಲಿಗೆ ಮಷಿನ್ ತರಬೇಡಿ, ಇದನ್ನ ಕಾಂಟ್ರಾಕ್ಟ್‌ನಲ್ಲೇ ಬರೀರಿ, ಬಾಯಿ ಮಾತಲ್ಲಿ ಹೇಳಿದ್ರೆ ಮಷಿನ್ ಓಡಿಸೋ ಹುಡುಗನ ತನಕ ಅದು ಹೋಗಲ್ಲ.

– ಕೆರೆ ಪಕ್ಕದ ನಿವಾಸಿ, ಬೆಂಗಳೂರು