ಬಾಗಿಲು ಹಾಕಿದೆ, ಸೆಪ್ಟೆಂಬರ್‌ಗೆ ಬನ್ನಿ

ಪ್ಯಾರಿಸ್‌ನಲ್ಲಿ ಈ ಆಗಸ್ಟ್‌ ತಿಂಗಳಲ್ಲಿ ಯಾರ್ಯಾರು ಇದ್ದೀರಿ, ಕೈ ಎತ್ತಿ ನೋಡೋಣ. ನಮ್ಮ ಕನ್ನಡ ಸಂಘದ ಸಮಿತಿಯ ಅರ್ಧ ಜನ ಊರಿಗೆ ಹೋಗಿದ್ದಾರೆ. ಅಲ್ಲಿಂದ ಮಳೆಯ ಫೋಟೊ, ತೋಟದ ಫೋಟೊ, ಬಿಸಿ ಪತ್ರೊಡೆಯ ಫೋಟೊ ಬರುತ್ತಲೇ ಇವೆ. (ದಯವಿಟ್ಟು ಸಾಕು ಮಾಡಿ.) ಉಳಿದವರು ಬ್ರಿಟನಿ, ನೀಸ್ ಅಂತ ಸಮುದ್ರ ಹುಡುಕಿಕೊಂಡು ಹೊರಟರು. ಸುದ್ದಿಪತ್ರ ನಾಳೆ ಬೆಳಿಗ್ಗೆಯೊಳಗೆ ಹೊರಡಬೇಕು, ಸಂಪಾದಕೀಯದ ಪುಟ ಖಾಲಿ ಇದೆ, ಮನೆಯಲ್ಲಿ ಬ್ರೆಡ್ ಇಲ್ಲ. ನಮ್ಮ ಬೀದಿಯ ಬೇಕರಿ ಮುಚ್ಚಿ ವಾರವಾಯಿತು.

ಅದರ ಬಾಗಿಲಿಗೆ ಅಂಟಿಸಿದ ಚೀಟಿಯನ್ನು ನಿನ್ನೆ ನಿಂತು ಪೂರ್ತಿ ಓದಿದೆ. ನೀಲಿ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದಾರೆ. ವಾರ್ಷಿಕ ರಜೆ, ಸೆಪ್ಟೆಂಬರ್ 1ಕ್ಕೆ ಮತ್ತೆ ಸಿಗೋಣ, ನಿಮ್ಮ ರಜೆಯೂ ಚೆನ್ನಾಗಿರಲಿ. ಕೆಳಗೆ ಹತ್ತಿರದಲ್ಲಿ ತೆರೆದಿರುವ ಇನ್ನೊಂದು ಬೇಕರಿಯ ವಿಳಾಸ. ಪಕ್ಕದಲ್ಲಿ ಯಾವುದೋ ಮಗು ಬಿಡಿಸಿದ ಸೂರ್ಯ, ಸೂರ್ಯನಿಗೇ ಕಪ್ಪು ಕನ್ನಡಕ. ಚೀಸ್ ಅಂಗಡಿ, ಮೂಲೆಯ ಕೆಫೆ, ಅದರಾಚೆಯ ವಿಯೆಟ್ನಾಂ ಹೋಟೆಲು, ಎಲ್ಲ ಕಡೆ ಇಂಥದೇ ಚೀಟಿ. ಐಫೆಲ್ ಗೋಪುರದ ಹತ್ತಿರ, ಲೂವ್ರ್ ಹತ್ತಿರ ಹೋದರೆ ಎಲ್ಲ ತೆರೆದೇ ಇರುತ್ತದೆ. ನಾವು ನೀವು ವಾಸ ಮಾಡುವ ಬೀದಿಗಳಲ್ಲೇ ಷಟರ್ ಎಳೆದಿರುವುದು.

ಒಮ್ಮೆ ನಮ್ಮ ಮಾವನವರು ಆಗಸ್ಟ್‌ನಲ್ಲೇ ಬಂದಿದ್ದರು. ಸಂಜೆ ವಾಕಿಂಗ್ ಹೋಗಿ ಬಂದು, "ಏನಮ್ಮ, ಬಂದ್‌ಗೆ ಕರೆ ಕೊಟ್ಟೋರು ಯಾರು?" ಅಂದರು. ಬಂದ್ ಅಲ್ಲ ಮಾವ, ರಜೆ ಅಂದೆ. "ಇಡೀ ಊರಿಗೇ?" ಅಂದರು. ಅವರಿಗೆ ಇವತ್ತಿಗೂ ನಂಬಿಕೆಯಿಲ್ಲ. ಏನೋ ಗಲಾಟೆ ಆಗಿತ್ತು, ಹೆದರ್ತಾರೆ ಅಂತ ಸೊಸೆ ಹೇಳಲಿಲ್ಲ ಅಂತಲೇ ಅವರ ಲೆಕ್ಕ.

ಹೊಸದಾಗಿ ಬಂದಿರುವವರು ಗೊಣಗುವುದನ್ನು ಕೇಳಿದ್ದೇನೆ, ಇವರಿಗೆ ದುಡ್ಡು ಬೇಡ್ವಾ ಅಂತ. ಇದು ಸೋಮಾರಿತನ ಅಲ್ಲ, ಹೋರಾಡಿ ಗಳಿಸಿದ್ದು. 1936ರ ಮೇ, ಜೂನ್‌ನಲ್ಲಿ ಕೆಲಸಗಾರರು ಕಾರ್ಖಾನೆಯೊಳಗೇ ಕೂತು ಮುಷ್ಕರ ಹೂಡಿದರು. ಪ್ರಧಾನಿ ಲೆಯೊನ್ ಬ್ಲೂಮ್ ಸರಕಾರ ಎರಡು ವಾರದ ಸಂಬಳಸಹಿತ ರಜೆಗೆ ಕಾನೂನು ತಂದಿತು. ಅದುವರೆಗೆ ಸಮುದ್ರವನ್ನೇ ನೋಡದವರು ಆ ಬೇಸಿಗೆಯಲ್ಲಿ ರಿಯಾಯಿತಿ ರೈಲು ಟಿಕೆಟ್ ಹಿಡಿದು ಹೊರಟರು. ರಜೆ 1956ರಲ್ಲಿ ಮೂರು ವಾರ ಆಯಿತು, 1969ರಲ್ಲಿ ನಾಲ್ಕು, 1982ರಲ್ಲಿ ಐದು. ರೆನೋದಂಥ ದೊಡ್ಡ ಕಾರ್ಖಾನೆಗಳು ಆಗಸ್ಟ್‌ನಲ್ಲಿ ಯಂತ್ರ ನಿಲ್ಲಿಸುತ್ತಿದ್ದವು. ಊಟಕ್ಕೆ ಬರುವವರೇ ಊರಲ್ಲಿಲ್ಲ ಅಂದಮೇಲೆ ಹೋಟೆಲಿನವನು ಯಾರಿಗೆ ಬಡಿಸಬೇಕು? ಅವನೂ ಬೀಗ ಹಾಕಿದ. ಬ್ರೆಡ್ಡಿನ ವಿಷಯದಲ್ಲಿ ಮಾತ್ರ ಅಧಿಕಾರಿಗಳಿಗೆ ಭಯ. 1789ರ ಅಕ್ಟೋಬರ್‌ನಲ್ಲಿ ಬ್ರೆಡ್ ಇಲ್ಲವೆಂದು ಹೆಂಗಸರು ವರ್ಸೈ ಅರಮನೆವರೆಗೆ ನಡೆದು ರಾಜನನ್ನೇ ಪ್ಯಾರಿಸ್‌ಗೆ ಹೊರಡಿಸಿಕೊಂಡು ಬಂದ ಊರಿದು. ಹಾಗಾಗಿ ಬೇಕರಿಗಳು ಒಟ್ಟಿಗೆ ಮುಚ್ಚುವ ಹಾಗಿರಲಿಲ್ಲ. ಅರ್ಧ ಜುಲೈ, ಅರ್ಧ ಆಗಸ್ಟ್ ಅಂತ ಪಾಳಿ ಇತ್ತು. 2015ರ ಬೇಸಿಗೆಯಿಂದ ಆ ಕಟ್ಟುಪಾಡು ಹೋಯಿತು. ನಮ್ಮನೆಯಲ್ಲಿ ಇವತ್ತು ಚಪಾತಿ.

ಚೀಟಿ ಓದುತ್ತಿದ್ದಾಗ ನೆನಪಾದವರು ನನ್ನ ದೊಡ್ಡಪ್ಪ. ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಘಟ್ಟ ಹತ್ತಿ ಬಂದು, ಲೋಟ ತೊಳೆದು, ಸಪ್ಲೈ ಮಾಡಿ, ಕೊನೆಗೆ ಅರಸೀಕೆರೆಯ ರೈಲ್ವೆ ಸ್ಟೇಷನ್ ಹತ್ತಿರ ಸ್ವಂತ ಹೋಟೆಲು ಹಾಕಿದವರು. ಬೇಸಿಗೆ ರಜೆಯಲ್ಲಿ ನಾನು ಅಲ್ಲೇ. ಬೆಳಗಿನ ಜಾವ ನಾಲ್ಕಕ್ಕೆ ಒಲೆ ಹಚ್ಚುತ್ತಿದ್ದರು. ಮೊದಲ ಗಾಡಿ ಬರುವ ಹೊತ್ತಿಗೆ ಇಡ್ಲಿ ಇಳಿದಿರಬೇಕು, ಗಲ್ಲಾದ ಮೇಲೆ ಊದುಬತ್ತಿ ಹಚ್ಚಿರಬೇಕು. ರಾತ್ರಿ ಕಡೆಯ ಗಾಡಿ ಹೋದ ಮೇಲೆ ಹಲಗೆ ಬಾಗಿಲು ಒಂದೊಂದಾಗಿ ಕೂರಿಸುವುದು. ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ. ಹಬ್ಬದ ದಿನ ವ್ಯಾಪಾರ ಜಾಸ್ತಿ.

ಅಡುಗೆಯ ಭಟ್ಟರೂ ಅದೇ ಕಡೆಯವರು. ಅವರಿಗೆ ವರ್ಷಕ್ಕೊಂದು ಟೆಲಿಗ್ರಾಂ ಬರುತ್ತಿತ್ತು. 'ಮದರ್ ಸೀರಿಯಸ್, ಸ್ಟಾರ್ಟ್ ಇಮ್ಮೀಡಿಯೇಟ್ಲಿ.' ಊರಿನಲ್ಲಿ ಮಂದಾರ್ತಿ ಮೇಳದ ಯಕ್ಷಗಾನದ ಆಟ ಗೊತ್ತಾದ ವಾರಕ್ಕೆ ಸರಿಯಾಗಿ ತಾಯಿಗೆ ಸೀರಿಯಸ್ ಆಗುತ್ತಿತ್ತು. ದೊಡ್ಡಪ್ಪ ಟೆಲಿಗ್ರಾಂ ಹಿಂದೆ ಮುಂದೆ ತಿರುಗಿಸಿ ನೋಡಿ, "ಹ್ವಾಯ್ ಭಟ್ರೇ, ಹೋದ ವರ್ಷವೂ ಇದೇ ತಿಂಗಳಲ್ದಾ?" ಅನ್ನುವರು. ಭಟ್ಟರು ನೆಲ ನೋಡುವರು. ಆಮೇಲೆ ದೊಡ್ಡಪ್ಪ ಗಲ್ಲಾ ತೆರೆದು ಬಸ್ ಚಾರ್ಜು ಎಣಿಸಿ ಕೊಡುವರು, ಮೇಲೆ ತಾಯಿಯ ಕೈಗೆ ಅಂತ ಸ್ವಲ್ಪ. ನಾಲ್ಕು ದಿನ ಕಳೆದು ಭಟ್ಟರು ಬರುತ್ತಿದ್ದದ್ದು ನಿದ್ದೆಗೆಟ್ಟ ಕೆಂಪು ಕಣ್ಣಿನಲ್ಲಿ. ಭಾಗವತರ ಪದ ಗುನುಗುತ್ತ ದೋಸೆ ಮಗುಚುತ್ತಿದ್ದರು, ಸೌಟು ಕಾವಲಿಯ ಅಂಚಿಗೆ ಬಡಿದು ತಾಳ. ಆ ತಾಯಿ ತೊಂಬತ್ತು ದಾಟಿ ಬದುಕಿದರು.

ಒಂದು ಸಲ ಮೂಲಮನೆಯಲ್ಲಿ ನಾಗಮಂಡಲ. ಮನೆಯವರೆಲ್ಲ ಹೋಗಲೇಬೇಕು, ಹೋಟೆಲು ಮುಚ್ಚಲೇಬೇಕು. ನನ್ನ ಅಕ್ಷರ ಚೆಂದ ಅಂತ ದೊಡ್ಡಪ್ಪ ತಿಂಡಿಯ ಹೆಸರು ಬರೆಯುವ ಕರಿಹಲಗೆ ನನ್ನ ಕೈಗೆ ಕೊಟ್ಟರು. 'ಮೂರು ದಿನ ಹೋಟೆಲಿಗೆ ರಜೆ' ಅಂತ ಬರೆದೆ, ಸುತ್ತ ಬಳ್ಳಿಯನ್ನೂ ಬಿಡಿಸಿದೆ. ದೊಡ್ಡಪ್ಪ ಓದಿದರು. ಹೆಗಲ ಮೇಲಿನ ಬೈರಾಸಿನಿಂದ ಒಂದೇ ಏಟಿಗೆ ಒರೆಸಿದರು. "ಹಾಂಗೆ ಬರಿಬೇಡ ಮಗಾ. ಬಾಯ್ಲರ್ ರಿಪೇರಿ ಅಂತ ಬರಿ. ರಜೆ ಅಂದ್ರೆ ಗಿರಾಕಿ ಎಂತ ತಿಳ್ಕಂತಾರೆ?" ವಾಪಸು ಬಂದ ದಿನ ಸ್ಟೇಷನ್ನಿನ ಕೂಲಿಗಳು, ಟಿಕೆಟ್ ಕೊಡುವವರು, ಪೇಪರ್ ಹುಡುಗ, ಬಂದವರೆಲ್ಲ ಬಾಯ್ಲರ್ ಸರಿಹೋಯ್ತಾ ಅಂತಲೇ ಕೇಳಿದರು. ದೊಡ್ಡಪ್ಪ ಹಾಸನದಿಂದ ಮೆಕ್ಯಾನಿಕ್ ಬಂದದ್ದು, ವಾಷರ್ ಸಿಗದೇ ಒದ್ದಾಡಿದ್ದು, ಎಲ್ಲವನ್ನೂ ವಿವರವಾಗಿ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಆ ಕತೆಯನ್ನು ನಾನೂ ನಂಬಿದ್ದೆ.

ನಮ್ಮ ಕಡೆ ಬಾಗಿಲು ಹಾಕುವುದಕ್ಕೆ ಒಂದು ಕಾರಣ ಬೇಕು. ಸಾವು, ಬಂದ್, ಇಲ್ಲವೇ ರಿಪೇರಿ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ಗೆ ಸೋಮವಾರ. ಅದೂ ವಾರಕ್ಕೆ ಒಂದೇ ದಿನ. ಅಷ್ಟಕ್ಕೇ ಅಮೆರಿಕದಿಂದ ಬಂದ ನೆಂಟರನ್ನು ಕರೆದುಕೊಂಡು ಹೋಗಿ ಬಾಗಿಲು ನೋಡಿ ಬಂದವರು ಎಷ್ಟು ಬೈದಿಲ್ಲ! ಇಲ್ಲಿ ಬೇಕರಿಯಾಕೆ ವಾರಗಟ್ಟಲೆ ಮುಚ್ಚಿ, ನೆಪ ಹೇಳದೆ, ಗಿರಾಕಿಗೇ ಶುಭ ಕೋರಿ ಹೋಗಿದ್ದಾರೆ. ನನಗೆ ಸಿಟ್ಟು ಬರಲಿಲ್ಲ. ಹೊಟ್ಟೆಕಿಚ್ಚಾಯಿತು.

ಎಲ್ಲರಿಗೂ ಆ ಭಾಗ್ಯ ಇಲ್ಲ ಅನ್ನುವುದೂ ನಿಜ. ಗಾರ್ ದು ನೋರ್ ರೈಲು ನಿಲ್ದಾಣದ ಹಿಂದಿನ ಲಾ ಶಾಪೆಲ್‌ನಲ್ಲಿ, ಫೋಬೂರ್ ಸೇಂ ದೆನಿ ಬೀದಿಯಲ್ಲಿ, ಇಂಥ ಚೀಟಿ ನಾನು ಕಂಡಿಲ್ಲ. ಕರಿಬೇವು, ನುಗ್ಗೆಕಾಯಿ, ಇಡ್ಲಿ ಅಕ್ಕಿ ಆಗಸ್ಟ್ 15ರಂದೂ ಸಿಗುತ್ತವೆ. ಅಲ್ಲಿನ ಒಬ್ಬ ಶ್ರೀಲಂಕಾ ತಮಿಳು ಅಂಗಡಿಯವರನ್ನು ನಿಮಗೆ ರಜೆ ಇಲ್ವಾ ಅಂತ ಕೇಳಿದೆ. "ಬಾಡಿಗೆಗೆ ರಜೆ ಇದೆಯಾ ಅಕ್ಕಾ?" ಅಂದರು.

ಇದನ್ನು ಟೈಪ್ ಮಾಡುತ್ತ ಕೂತಿದ್ದಾಗ ಮಗಳು ನಿದ್ದೆಗಣ್ಣಲ್ಲಿ ಎದ್ದು ಬಂದು, "ಅಮ್ಮಾ, ಬೇಕರಿ ಆಂಟಿ ಮುಚ್ಚಿದ್ರು. ನೀನ್ಯಾವಾಗ ಮುಚ್ಚೋದು?" ಅಂದಳು. ಲ್ಯಾಪ್‌ಟಾಪ್ ಅಂದುಕೊಂಡೆ. ಅಲ್ಲವಂತೆ, ಸಂಘವನ್ನಂತೆ.

ಸರಿ, ಸೂಚನೆಗಳು. ಜಾಗ ಕಡಿಮೆ, ಬೇಗ ಹೇಳಿಬಿಡುತ್ತೇನೆ. ನಮ್ಮ ಗಣೇಶನ ಹಬ್ಬ ಚೌತಿಯ ನಂತರದ ಭಾನುವಾರ. ಸಭಾಂಗಣ ಇನ್ನೂ ಖಚಿತ ಆಗಿಲ್ಲ, ಮೇರಿಯಲ್ಲಿ (ಪುರಸಭೆ ಕಚೇರಿಯಲ್ಲಿ) ಬುಕಿಂಗ್ ನೋಡಿಕೊಳ್ಳುವವರು ಎಲ್ಲಿದ್ದಾರೆ ಅಂತ ನೀವೇ ಊಹಿಸಿ. 1985ರಲ್ಲಿ ಶುರುವಾದ ಇಲ್ಲಿನ ಮಾಣಿಕ್ಕ ವಿನಾಯಕರ್ (ಗಣೇಶ) ದೇವಸ್ಥಾನದ ರಥೋತ್ಸವ ಎಂದಿನಂತೆ ಬೇಸಿಗೆಯ ಕೊನೆಯ ಭಾನುವಾರಗಳಲ್ಲೊಂದು ದಿನ. ದಿನಾಂಕ ದೇವಸ್ಥಾನದಲ್ಲಿ ಕೇಳಿಕೊಳ್ಳಿ. ಬೀದಿ ತುಂಬ ತೆಂಗಿನಕಾಯಿ ಒಡೆಯುತ್ತಾರೆ, ಮಕ್ಕಳಿಗೆ ಚಪ್ಪಲಿ ಬೇಡ, ಶೂ ಹಾಕಿಸಿ. ಆಗಸ್ಟ್‌ನಲ್ಲಿ ಆರ್‌ಇಆರ್ (ಉಪನಗರ ರೈಲು) ಮತ್ತು ಮೆಟ್ರೊ ಹಳಿ ಕೆಲಸ ನಡೆಯುತ್ತಿರುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳಿ. ಕನ್ನಡ ಕಲಿ ತರಗತಿ ಶಾಲೆ ಶುರುವಾದ ಮೇಲಿನ ಎರಡನೇ ಶನಿವಾರದಿಂದ.

ಇದೊಂದನ್ನು ಮಾತ್ರ ನಿಧಾನವಾಗಿ ಓದಿ. 2003ರ ಆಗಸ್ಟ್‌ನ ಬಿಸಿಲಿಗೆ ಈ ದೇಶದಲ್ಲಿ ಸುಮಾರು 15,000 ಜನ ತೀರಿಕೊಂಡರು. ಹೆಚ್ಚಿನವರು ವಯಸ್ಸಾದವರು. ಎಷ್ಟೋ ಜನರ ಮನೆಯವರು, ಡಾಕ್ಟರು, ನೆರೆಯವರು ರಜೆಗೆ ಹೋಗಿದ್ದರು. ಆಮೇಲೆ ಮೇರಿಗಳಲ್ಲಿ ಒಂದು ಪಟ್ಟಿ ಇಡುತ್ತಾರೆ. ಒಂಟಿಯಾಗಿರುವ ಹಿರಿಯರ ಹೆಸರು ಬರೆಸಿದರೆ ಬಿಸಿಗಾಳಿ ಬಂದಾಗ ಫೋನ್ ಮಾಡಿ ವಿಚಾರಿಸುತ್ತಾರೆ. ನಮ್ಮಲ್ಲೂ ಅಂಥ ಹಿರಿಯರಿದ್ದಾರೆ. ಊರಲ್ಲೇ ಉಳಿದವರು ಸಂಜೆ ಹೋಗಿ ಬಾಗಿಲು ತಟ್ಟಿ ಬನ್ನಿ. ಒಂದು ಕಪ್ ಕಾಫಿಯಂತೂ ಗ್ಯಾರಂಟಿ.

ಹಬ್ಬಕ್ಕೆ ಕೈ ಬೇಕು. ಕಾಯಿ ತುರಿಯಲು, ಕಡುಬು ತುಂಬಲು, ಕುರ್ಚಿ ಹಾಕಲು, ಎಲ್ಲ ಆದಮೇಲೆ ಪಾತ್ರೆ ತೊಳೆಯಲು. ಪಾತ್ರೆಯ ಪಟ್ಟಿಯಲ್ಲಿ ಈ ಸಲವಾದರೂ ಗಂಡಸರ ಹೆಸರು ಕಾಣಲಿ. ಬರಲಾಗದಿದ್ದರೆ ಆಗಲ್ಲ ಅಂತ ನೇರ ಹೇಳಿ, ಟೆಲಿಗ್ರಾಂ ಕಳಿಸಬೇಡಿ. ಮತ್ತೆ, ರಾಜ್ಯೋತ್ಸವ ಸಂಚಿಕೆಯನ್ನು ಯಾರಾದರೂ ವಹಿಸಿಕೊಳ್ಳುತ್ತೀರಾ? ಯೂನಿಕೋಡ್‌ನಲ್ಲಿ ಟೈಪ್ ಮಾಡಲು ಬಂದರೆ ಸಾಕು, ಉಳಿದದ್ದು ಹೇಳಿಕೊಡುತ್ತೇನೆ. ನಮ್ಮ ಬಾಯ್ಲರ್ ಸರಿಯಾಗಿದೆ, ಅಮ್ಮ ಊರಲ್ಲಿ ಆರೋಗ್ಯವಾಗಿದ್ದಾರೆ. ನನಗೆ ರಜೆ ಬೇಕು, ಅಷ್ಟೇ.

ಮರೆತಿದ್ದೆ. ಯುಗಾದಿಯ ದಿನ ಒಯ್ದ ಸಂಘದ ದೊಡ್ಡ ಇಡ್ಲಿ ಪಾತ್ರೆ ಯಾರ ಮನೆಯಲ್ಲಿದೆ? ತಟ್ಟೆಗಳು ನಮ್ಮನೆಯಲ್ಲಿವೆ, ಪಾತ್ರೆ ಇಲ್ಲ. ಚೌತಿಗೆ ಮೊದಲು ತಲುಪಿಸಿ.