ಅರ್ಥವಾಗದ ಕೋಡ್ ಒಪ್ಪಿಸಬೇಡ: ಅಣ್ಣನ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನಿನ್ನ ಉದ್ದದ ಮೆಸೇಜ್ ಓದಿದೆ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಅನ್ನಿಸಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

"ಕೋಡ್ ನೀಟಾಗಿ ಬರೆದರೆ ಯಾರು ನೋಡುತ್ತಾರೆ ಅತ್ತೆ? ಟಿಕೆಟ್ (ವಹಿಸಿದ ಕೆಲಸ) ಬೇಗ ಮುಚ್ಚಿದವರಿಗೇ ಒಳ್ಳೆಯ ರೇಟಿಂಗ್" ಅಂತ ಬರೆದಿದ್ದೀಯ. ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ, ಆಗಲೇ ನಿನಗೆ ಹೀಗೆ ಅನ್ನಿಸಿದೆಯಲ್ಲಾ ಅಂತ ಬೇಜಾರಾಯಿತು. ನಿನ್ನ ಸುತ್ತ ಕಾಣುವುದೇ ಅದು, ಹಾಗಾಗಿ ನಿನ್ನನ್ನು ದೂರುವುದಿಲ್ಲ. ಆದರೆ ಆ ಪ್ರಶ್ನೆಗೆ ಸರಿಯಾದ ಉತ್ತರ ಇದೆ. ನಿನ್ನ ಕೋಡನ್ನು ನೋಡುವವರು ಇದ್ದೇ ಇರುತ್ತಾರೆ. ಅವರು ಇವತ್ತು ನಿನ್ನ ಪಕ್ಕದಲ್ಲಿ ಕೂತಿಲ್ಲ, ಅಷ್ಟೇ. ಎರಡು ವರ್ಷ ಬಿಟ್ಟು ರಾತ್ರಿ ಹನ್ನೊಂದಕ್ಕೆ ಪ್ರೊಡಕ್ಷನ್, ಅಂದರೆ ಗ್ರಾಹಕರು ಬಳಸುತ್ತಿರುವ ಸಿಸ್ಟಂ, ಬಿದ್ದಾಗ ಯಾರೋ ಒಬ್ಬರು ಆ ಫೈಲ್ ತೆರೆಯುತ್ತಾರೆ. ನೀನು ಯಾರು, ಯಾಕೆ ಹಾಗೆ ಬರೆದೆ, ಅವರಿಗೆ ಗೊತ್ತಿರುವುದಿಲ್ಲ. ಕೇಳೋಣ ಅಂದರೆ ನೀನು ಆ ಕಂಪನಿಯಲ್ಲೇ ಇಲ್ಲದಿರಬಹುದು.

ನಡೆದ ಒಂದು ಘಟನೆ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ಆದರೂ ಪೂರ್ತಿ ಓದು. ಅಮೆರಿಕದಲ್ಲಿ ನೈಟ್ ಕ್ಯಾಪಿಟಲ್ ಅಂತ ಷೇರು ವಹಿವಾಟಿನ ದೊಡ್ಡ ಕಂಪನಿ ಇತ್ತು. 2012ರ ಆಗಸ್ಟ್ 1ರಂದು ನ್ಯೂಯಾರ್ಕ್ ಷೇರುಪೇಟೆಯಲ್ಲಿ ಒಂದು ಹೊಸ ವ್ಯವಸ್ಥೆ ಶುರುವಾಗುವುದಿತ್ತು. ಅದಕ್ಕಾಗಿ ಇವರು ತಮ್ಮ ಸಾಫ್ಟ್‌ವೇರ್ ಬದಲಾಯಿಸಿದರು. ಆ ಸಾಫ್ಟ್‌ವೇರ್ ಒಳಗೆ ಷೇರಿನ ಆರ್ಡರ್ ಕಳಿಸುವ ಪವರ್ ಪೆಗ್ ಅನ್ನುವ ಹಳೆಯ ಕೋಡ್ ಇತ್ತು. 2003ರಿಂದ ಅದನ್ನು ಯಾರೂ ಬಳಸುತ್ತಿರಲಿಲ್ಲ, ಆದರೆ ಅಳಿಸಿಯೂ ಇರಲಿಲ್ಲ. ಆರ್ಡರ್ ಪೂರ್ತಿಯಾದಾಗ ಅದನ್ನು ನಿಲ್ಲಿಸುವ ಲೆಕ್ಕದ ಭಾಗವನ್ನು 2005ರಲ್ಲಿ ಬೇರೆ ಕಡೆಗೆ ಸರಿಸಿದರು. ಹೇಗಿದ್ದರೂ ಬಳಸುವುದಿಲ್ಲ ಅಲ್ವಾ ಅಂತ ಪವರ್ ಪೆಗ್ಗನ್ನು ಮತ್ತೆ ಟೆಸ್ಟ್ ಮಾಡಲಿಲ್ಲ. 2012ರಲ್ಲಿ ಹೊಸ ಕೋಡ್ ಬರೆದವರು, ಹಿಂದೆ ಪವರ್ ಪೆಗ್ ಚಾಲೂ ಮಾಡಲು ಬಳಸುತ್ತಿದ್ದ ಅದೇ ಫ್ಲ್ಯಾಗನ್ನು (ಆನ್-ಆಫ್ ಗುರುತು) ಹೊಸ ಕೆಲಸಕ್ಕೆ ಇಟ್ಟುಕೊಂಡರು.

ಸರ್ವರ್‌ಗಳು ಎಂಟು. ಹೊಸ ಕೋಡ್ ಹೋಗಿದ್ದು ಏಳಕ್ಕೆ. ಒಂದು ಬಿಟ್ಟುಹೋಯಿತು. ಎರಡನೆಯವರೊಬ್ಬರು ನೋಡಬೇಕು ಅನ್ನುವ ನಿಯಮವೇ ಅಲ್ಲಿರಲಿಲ್ಲ. ಬೆಳಿಗ್ಗೆ ಪೇಟೆ ತೆರೆದಾಗ ಆ ಎಂಟನೇ ಸರ್ವರಿನಲ್ಲಿ ಫ್ಲ್ಯಾಗ್ ಆನ್ ಆಯಿತು. ಒಂಬತ್ತು ವರ್ಷದಿಂದ ಸುಮ್ನೆ ಬಿದ್ದಿದ್ದ ಕೋಡ್ ಎದ್ದು ಕೂತಿತು. ಸಾಕು ಅಂತ ನಿಲ್ಲಿಸುವ ಲೆಕ್ಕ ಅದಕ್ಕೆ ಸಿಗಲಿಲ್ಲ, ಆರ್ಡರ್ ಕಳಿಸುತ್ತಲೇ ಹೋಯಿತು. ಗಾಬರಿಯಾದ ಜನ ಉಳಿದ ಏಳು ಸರ್ವರ್‌ಗಳಿಂದ ಹೊಸ ಕೋಡ್ ತೆಗೆದರು. ಆಗ ಅಲ್ಲೂ ಹಳೆಯ ಕೋಡೇ ಉಳಿದು, ಎಂಟೂ ಸರ್ವರ್‌ಗಳು ಅದೇ ಕೆಲಸಕ್ಕೆ ಇಳಿದವು. ಮುಕ್ಕಾಲು ಗಂಟೆಯಲ್ಲಿ 40 ಲಕ್ಷಕ್ಕೂ ಹೆಚ್ಚು ವಹಿವಾಟು ನಡೆಯಿತು. ನಷ್ಟ 46 ಕೋಟಿ ಡಾಲರ್‌ಗೂ ಜಾಸ್ತಿ. ಮರುವರ್ಷ ಆ ಕಂಪನಿ ಇನ್ನೊಂದರ ಜೊತೆ ಸೇರಿಹೋಯಿತು.

ಇದರಲ್ಲಿ ನನ್ನನ್ನು ಜಾಸ್ತಿ ಕಾಡುವ ವಿಷಯ ಬೇರೆ ಇದೆ. ಅವತ್ತು ಪೇಟೆ ತೆರೆಯುವ ಮೊದಲೇ ಅವರದೇ ಸಿಸ್ಟಂ 97 ಇಮೇಲ್ ಕಳಿಸಿತ್ತು. ಅವುಗಳಲ್ಲಿ ಪವರ್ ಪೆಗ್ ಹೆಸರಿತ್ತು. ಯಾರೂ ಅದರ ಮೇಲೆ ಕೆಲಸ ಮಾಡಲಿಲ್ಲ. ಬಳಸದ ಕೋಡ್ ಅಳಿಸುವುದು, ಹೊಸ ಕೆಲಸಕ್ಕೆ ಹೊಸ ಹೆಸರು ಕೊಡುವುದು, ಡಿಪ್ಲಾಯ್ ಆದ ಮೇಲೆ (ಕೋಡ್ ಸರ್ವರ್‌ಗೆ ಹೋದ ಮೇಲೆ) ಎಲ್ಲ ಸರ್ವರ್‌ಗಳಲ್ಲೂ ಒಂದೇ ವರ್ಷನ್ ಇದೆಯಾ ಅಂತ ನೋಡುವುದು, ಬಂದ ಎಚ್ಚರಿಕೆಯನ್ನು ಓದುವುದು. ಇವೆಲ್ಲ ಫ್ರೆಶರ್‌ಗಳ ಕೈಗೆ ಬರುವ ಕೆಲಸಗಳು. "ನನಗೆ ಬರೀ ಸಣ್ಣಪುಟ್ಟ ಕ್ಲೀನಪ್ ಟಿಕೆಟ್ ಕೊಡುತ್ತಾರೆ" ಅಂತ ಅತ್ತುಕೊಂಡಿದ್ದೀಯಲ್ಲ, ಆ ಟಿಕೆಟ್‌ಗಳ ಬಗ್ಗೆಯೇ ನಾನು ಹೇಳುತ್ತಿರುವುದು.

ಒಳ್ಳೆಯ ಕೋಡ್ ಅಂದರೆ ಏನು ಅನ್ನುವುದಕ್ಕೆ ನಿಯಮಗಳ ಪಟ್ಟಿ ಬೇಕಾದಷ್ಟು ಸಿಗುತ್ತದೆ. ನಾನು ನೋಡುವುದು ಒಂದೇ. ಓದಿದವರಿಗೆ ಅರ್ಥವಾಗುತ್ತದಾ, ಮುಟ್ಟಿ ಬದಲಾಯಿಸಲು ಧೈರ್ಯ ಬರುತ್ತದಾ? ಹೆಸರುಗಳು ಸರಿಯಾಗಿರಲಿ. ಫಂಕ್ಷನ್, ಅಂದರೆ ಕೋಡಿನ ಒಂದು ತುಂಡು, ಒಂದೇ ಕೆಲಸ ಮಾಡಲಿ. ಕೋಡ್ ಸರಿಯಾಗಿ ಓಡುತ್ತದಾ ಅಂತ ನೋಡುವ ಟೆಸ್ಟ್ ಇರಲಿ. ಯಾಕೆ ಹೀಗೆ ಮಾಡಿದೆ ಅನ್ನುವುದು ಕೋಡ್ ಒಪ್ಪಿಸುವಾಗ ಬರೆಯುವ ಕಮಿಟ್ ಮೆಸೇಜಿನಲ್ಲಿ ಇರಲಿ. "ಫಿಕ್ಸ್ಡ್ ಬಗ್" ಅಂತ ಬರೆದರೆ ಮುಂದಿನವರಿಗೆ ಏನೂ ಸಿಗುವುದಿಲ್ಲ.

ಟೆಸ್ಟ್ ಬರೆಯುವಾಗ ನಿನ್ನ ಹತ್ತಿರ ಇರುವ ಒಂದು ಬಲವನ್ನು ನೀನು ಬಳಸುತ್ತಲೇ ಇಲ್ಲ. ನೀನು ಕನ್ನಡದವಳು, ಹಳ್ಳಿ ಕಡೆಯಿಂದ ಬಂದವಳು. ನಿಮ್ಮ ಟೀಮ್ ಮಾಡುತ್ತಿರುವುದು ಗ್ರಾಹಕರ ನೋಂದಣಿ ಫಾರ್ಮ್ ಅಂದೆ. ಅದರಲ್ಲಿ ಲಾಸ್ಟ್ ನೇಮ್ ಕಡ್ಡಾಯ ಮಾಡಿದ್ದಾರಾ ನೋಡು. ನಮ್ಮ ಕಡೆ ಎಷ್ಟೋ ಜನಕ್ಕೆ ಲಾಸ್ಟ್ ನೇಮೇ ಇಲ್ಲ. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಇರುತ್ತವೆ. ಕನಿಷ್ಠ ಎರಡು ಅಕ್ಷರ ಬೇಕು ಅಂತ ಯಾರೋ ಬರೆದಿಟ್ಟರೆ ನಿಮ್ಮಪ್ಪನೇ ಆ ಫಾರ್ಮ್ ತುಂಬಲು ಆಗುವುದಿಲ್ಲ. ಹೆಸರನ್ನು ಕನ್ನಡದಲ್ಲಿ ಹಾಕಿದರೆ ಏನಾಗುತ್ತದೆ ಅಂತಲೂ ನೋಡು. "ಶ್ರೀ" ನಮ್ಮ ಕಣ್ಣಿಗೆ ಒಂದು ಅಕ್ಷರ. ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅದು ನಾಲ್ಕು ಕೋಡ್‌ಪಾಯಿಂಟ್ (ಸಂಖ್ಯೆ): ಶ, ವಿರಾಮ (ಅರ್ಧಾಕ್ಷರದ ಚಿಹ್ನೆ), ರ, ದೀರ್ಘ ಈಕಾರದ ಚಿಹ್ನೆ. ಯುಟಿಎಫ್-8 ರೂಪದಲ್ಲಿ ಉಳಿಸಿದರೆ 12 ಬೈಟ್. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಲೆಂಗ್ತ್ (ಉದ್ದ) ಕೇಳಿದರೆ 4 ಅನ್ನುತ್ತದೆ. ಇಷ್ಟು ಅಕ್ಷರಕ್ಕೆ ಕತ್ತರಿಸು ಅಂತ ಬರೆದ ಕೋಡ್ ಹೆಸರಿನ ಒತ್ತಕ್ಷರವನ್ನು ನಡುವೆ ಸೀಳಿಬಿಡುತ್ತದೆ. ಇಂಗ್ಲಿಷ್ ಹೆಸರುಗಳಲ್ಲೇ ಟೆಸ್ಟ್ ಮಾಡುವವರಿಗೆ ಇದು ಎಂದೂ ಕಾಣುವುದಿಲ್ಲ. ನಿನಗೆ ಕಾಣುತ್ತದೆ. ಆ ಟೆಸ್ಟ್ ನೀನು ಬರೆ.

ಇನ್ನು ಆ ಮೂರು ಸಾವಿರ ಸಾಲಿನ ಫೈಲ್. ಅದನ್ನು ನೋಡಿ ಪೂರ್ತಿ ಹೊಸದಾಗಿ ಬರೆದುಬಿಡೋಣ ಅನ್ನಿಸುತ್ತಿದೆ ಅಂದೆ. ಬೇಡ. ಅದರಲ್ಲಿ ವಿಚಿತ್ರವಾಗಿ ಕಾಣುವ ಎಷ್ಟೋ ಸಾಲುಗಳ ಹಿಂದೆ ಯಾವುದೋ ಗ್ರಾಹಕರ ದೂರು ಇರುತ್ತದೆ. ಮೊದಲು ಗಿಟ್ ಇತಿಹಾಸ (ಕೋಡಿನ ಬದಲಾವಣೆಗಳ ದಾಖಲೆ) ನೋಡು, ಆ ಸಾಲು ಯಾವಾಗ, ಯಾವ ಟಿಕೆಟ್‌ಗೆ ಬಂತು ಅಂತ. ಆಮೇಲೆ ಈಗ ಅದು ಏನು ಮಾಡುತ್ತಿದೆಯೋ ಅದನ್ನೇ ಹಿಡಿದಿಡುವ ಟೆಸ್ಟ್ ಬರೆ. ಸರಿಯೋ ತಪ್ಪೋ, ಇರುವುದು ಇರುವ ಹಾಗೆ. ಅದಾದ ಮೇಲೆ ಸಣ್ಣ ತುಂಡು ಬೇರೆ ಮಾಡು. ಒಂದು ಪುಲ್ ರಿಕ್ವೆಸ್ಟ್‌ನಲ್ಲಿ (ಬದಲಾವಣೆ ಸೇರಿಸಿ ಅಂತ ಕಳಿಸುವ ಕೋರಿಕೆಯಲ್ಲಿ) ಕೋಡಿನ ಆಕಾರವನ್ನೂ ಅದು ಮಾಡುವ ಕೆಲಸವನ್ನೂ ಒಟ್ಟಿಗೆ ಬದಲಾಯಿಸಬೇಡ. ಎರಡನ್ನೂ ಕಲಸಿದರೆ ಯಾವುದರಿಂದ ಕೆಟ್ಟಿತು ಅಂತ ಹುಡುಕುವುದು ಕಷ್ಟ. ರಿವ್ಯೂ ಮಾಡುವವರೂ ಓದದೆ ಒಪ್ಪಿಬಿಡುತ್ತಾರೆ.

ರಿವ್ಯೂ ಕಾಮೆಂಟ್‌ಗಳ ವಿಷಯಕ್ಕೆ ನೀನು ತುಂಬಾ ನೊಂದುಕೊಂಡಿದ್ದೀಯ. ಒಬ್ಬರ ಕೋಡನ್ನು ಇನ್ನೊಬ್ಬರು ಓದುವುದು ಹೊಸಬರಿಗೆ ಕೊಡುವ ಪರೀಕ್ಷೆ ಅಲ್ಲ ಕಂದ. ಐಬಿಎಂನ ಮೈಕಲ್ ಫೇಗನ್ 1976ರಲ್ಲೇ ಇದನ್ನು ಒಂದು ಕ್ರಮವಾಗಿ ಬರೆದಿಟ್ಟರು. ಎಷ್ಟೇ ಅನುಭವ ಇದ್ದರೂ ನಾವೇ ಬರೆದದ್ದರಲ್ಲಿ ತಪ್ಪು ನಮಗೇ ಕಾಣುವುದಿಲ್ಲ, ಅದಕ್ಕೇ ಇದು ಬೇಕು. ನಿನ್ನ ಸೀನಿಯರ್ ಅಷ್ಟೊಂದು ಕಾಮೆಂಟ್ ಹಾಕಿದ್ದಾರೆ ಅಂದರೆ ನಿನ್ನ ಕೋಡನ್ನು ಕೂತು ಓದಿದ್ದಾರೆ ಅಂತ ಅರ್ಥ. ಏನೂ ಹೇಳದೆ ಎರಡು ನಿಮಿಷದಲ್ಲಿ ಅಪ್ರೂವ್ ಮಾಡುವವರಿಂದ ನಿನಗೆ ಸಿಗುವುದೇನಿಲ್ಲ. ಅರ್ಥವಾಗದ ಕಾಮೆಂಟ್‌ಗೆ "ಓಕೆ, ಡನ್" ಅಂತ ಹಾಕಬೇಡ. ಯಾಕೆ ಅಂತ ಕೇಳು. ಒಪ್ಪಿಗೆ ಇಲ್ಲದಿದ್ದರೆ ಕಾರಣ ಕೊಟ್ಟು ಹೇಳು. ಮಾತು ಕಟುವಾಗಿದ್ದರೆ, ನಿನ್ನ ಬಗ್ಗೆಯೇ ಹಗುರವಾಗಿ ಬರೆದಿದ್ದರೆ, ಅದನ್ನು ಸಹಿಸಬೇಕಿಲ್ಲ. ಲೀಡ್‌ಗೆ ನೇರವಾಗಿ ತಿಳಿಸು.

ಎಐ ಬಗ್ಗೆ ಕೇಳಿದ್ದೀಯ. ಜೊತೆಯವರು ಅದರಿಂದ ಕೋಡ್ ಬರೆಸಿ ಅರ್ಧ ದಿನದಲ್ಲಿ ಮುಗಿಸುತ್ತಾರೆ, ನನಗೆ ಎರಡು ದಿನ ಬೇಕು, ನಾನು ಹಿಂದೆ ಬೀಳುತ್ತಿದ್ದೀನಾ ಅಂತ. ನೀನೂ ಬಳಸು. ಬಳಸದೆ ಇರುವುದರಲ್ಲಿ ದೊಡ್ಡಸ್ತಿಕೆ ಏನಿಲ್ಲ. ಆದರೆ ನಿನಗೆ ಅರ್ಥವಾಗದ ಒಂದು ಸಾಲನ್ನೂ ನಿನ್ನ ಹೆಸರಿನಲ್ಲಿ ಒಪ್ಪಿಸಬೇಡ. ಈ ಪತ್ರದಲ್ಲಿ ನಾನು ಹಟ ಹಿಡಿದು ಹೇಳುವ ಮಾತು ಇದೊಂದೇ. ಆ ಕೋಡ್ ನಾಳೆ ಕೆಟ್ಟರೆ ಟೂಲ್ ಬಂದು ಉತ್ತರ ಕೊಡುವುದಿಲ್ಲ, ಕಮಿಟ್‌ನಲ್ಲಿ ಇರುವುದು ನಿನ್ನ ಹೆಸರು. ಕೆಲವು ಸಲ ಅದು ಇಲ್ಲದ ಲೈಬ್ರರಿಯ ಹೆಸರನ್ನೇ ಹೇಳಿಬಿಡುತ್ತದೆ. ಅಂಥ ಹೆಸರಿನಲ್ಲಿ ಯಾರೋ ಕೆಟ್ಟ ಪ್ಯಾಕೇಜ್ ಮಾಡಿಟ್ಟಿದ್ದರೆ ನೀನೇ ಅದನ್ನು ಇನ್‌ಸ್ಟಾಲ್ ಮಾಡಿದ ಹಾಗೆ ಆಗುತ್ತದೆ. ಯಾವ ಪ್ಯಾಕೇಜ್ ಹಾಕುವ ಮೊದಲೂ ಅದರ ಪುಟ ತೆರೆದು ನೋಡು. ಕಂಪನಿ ಒಪ್ಪಿದ ಟೂಲ್ ಬಿಟ್ಟು ಬೇರೆಲ್ಲೂ ಕಂಪನಿಯ ಕೋಡ್ ಹಾಕಬೇಡ.

ನಾನು ಹೇಳುವ ಕ್ರಮ ಹೀಗೆ. ಮೊದಲು ನೀನೇ ಯೋಚಿಸಿ ನಾಲ್ಕು ಸಾಲಿನಲ್ಲಿ ದಾರಿ ಬರೆದುಕೋ. ಆಮೇಲೆ ಟೂಲ್ ಕೇಳು. ಬಂದದ್ದನ್ನು ಓದು, ಯಾವ ಇನ್‌ಪುಟ್‌ಗೆ ಇದು ಕೆಡುತ್ತದೆ ಅಂತ ನೀನೇ ಹುಡುಕು. ಎರಡು ದಿನ ಒಂದೂವರೆ ದಿನ ಆಗಬಹುದು, ಆಗಲಿ. ಸರಳ ಕೋಡ್ ಬರೆದುಕೊಡುವ ಕೆಲಸಕ್ಕೆ ಮೊದಲಿದ್ದ ಬೆಲೆ ಈಗ ಇಲ್ಲ. ಇದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಬಂದ ಕೋಡ್ ಸರಿಯಾ, ಇಲ್ಲಿಗೆ ಹೊಂದುತ್ತದಾ, ಇದನ್ನು ಬರೆಯಲೇಬೇಕಾ ಅಂತ ಹೇಳಬಲ್ಲವರಿಗೆ ಬೆಲೆ ಇದೆ. ಆ ತಿಳಿವಳಿಕೆ ಮೊದಲ ಮೂರ್ನಾಲ್ಕು ವರ್ಷ ಕೈಯಾರೆ ಒದ್ದಾಡಿದವರಿಗೇ ಬರುತ್ತದೆ. ಆ ಒದ್ದಾಟವನ್ನು ನೀನು ತಪ್ಪಿಸಿಕೊಳ್ಳಬೇಡ.

"ಆಮೇಲೆ ಸರಿಮಾಡೋಣ" ಅನ್ನುವ ನಿಮ್ಮ ಮ್ಯಾನೇಜರ್ ಕೆಟ್ಟವರೇನಲ್ಲ. ಅವರಿಗೆ ಕ್ಲೈಂಟ್ ಒತ್ತಡ ಇದೆ. ವಾರ್ಡ್ ಕನಿಂಗ್‌ಹ್ಯಾಮ್ ಅನ್ನುವ ಪ್ರೋಗ್ರಾಮರ್ 1992ರಲ್ಲಿ ಇಂಥ ಕೋಡನ್ನು ಸಾಲಕ್ಕೆ ಹೋಲಿಸಿದರು. ಬೇಗ ತೀರಿಸುವುದಾದರೆ ಸ್ವಲ್ಪ ಸಾಲದಿಂದ ಕೆಲಸ ಮುಂದೆ ಹೋಗುತ್ತದೆ, ತೀರಿಸದೆ ಬಿಟ್ಟರೆ ಬಡ್ಡಿ ಬೆಳೆಯುತ್ತದೆ ಅಂದರು. ನೀನು ಅವರ ಹತ್ತಿರ ಕ್ಲೀನ್ ಕೋಡ್ ಅಂತ ಭಾಷಣ ಮಾಡಬೇಡ. "ಈ ಭಾಗದಲ್ಲಿ ಕಳೆದ ತಿಂಗಳು ಇಷ್ಟು ಬಗ್ ಬಂತು, ಇಷ್ಟು ದಿನ ಹೋಯಿತು, ಎರಡು ದಿನ ಕೊಟ್ಟರೆ ಇದು ನಿಲ್ಲುತ್ತದೆ" ಅನ್ನು. ಆ ಮಾತು ಅವರಿಗೆ ತಲುಪುತ್ತದೆ. ಟೆಸ್ಟ್ ಬರೆಯಲು ಬೇರೆ ಅನುಮತಿ ಕೇಳಬೇಡ, ಎಸ್ಟಿಮೇಟ್ ಕೊಡುವಾಗಲೇ ಅದನ್ನು ಸೇರಿಸು.

ತಪ್ಪಾದರೆ ಏನು ಗತಿ ಅಂತ ಹೆದರುತ್ತೀಯಲ್ಲ, ತಪ್ಪಾದ ಕ್ಷಣವೇ ಹೇಳು. 2017ರ ಜನವರಿ 31ರ ರಾತ್ರಿ ಕೋಡ್ ಇಡುವ ಸೇವೆ ಕೊಡುವ ಗಿಟ್‌ಲ್ಯಾಬ್ ಕಂಪನಿಯ ಒಬ್ಬ ಎಂಜಿನಿಯರ್ ತಪ್ಪಾದ ಸರ್ವರ್‌ನಲ್ಲಿ ಡೇಟಾಬೇಸ್ ಅಳಿಸಿಬಿಟ್ಟರು. ಸುಮಾರು 300 ಜಿಬಿಯಲ್ಲಿ ನಾಲ್ಕೂವರೆ ಜಿಬಿ ಉಳಿಯಿತು. ನೋಡಿದರೆ ದಿನಾ ಆಗಬೇಕಿದ್ದ ಬ್ಯಾಕಪ್ ಆಗುತ್ತಲೇ ಇರಲಿಲ್ಲ, ಅದು ಯಾರಿಗೂ ಗೊತ್ತಿರಲಿಲ್ಲ. ಆರು ಗಂಟೆ ಹಿಂದಿನ ಒಂದು ನಕಲು ಸಿಕ್ಕಿದ್ದರಿಂದ ಬಚಾವಾದರು. ಕಂಪನಿ ಎಲ್ಲವನ್ನೂ ಬಹಿರಂಗವಾಗಿ ಬರೆಯಿತು. ಅದರಲ್ಲಿ ಅವರು ಹುಡುಕಿದ್ದು ವ್ಯವಸ್ಥೆಯ ತೂತುಗಳನ್ನು. ನಿನ್ನ ಟೀಮ್ ಹೀಗೆ ಯೋಚಿಸುತ್ತದಾ ಅನ್ನುವುದನ್ನು ಗಮನಿಸು. ಕೆಲಸ ಬಿಡಬೇಕಾ ಬೇಡವಾ ಅನ್ನುವ ನಿನ್ನ ಪ್ರಶ್ನೆಗೆ ಸಂಬಳಕ್ಕಿಂತ ಜಾಸ್ತಿ ಉತ್ತರ ಅದರಲ್ಲಿ ಸಿಗುತ್ತದೆ.

ನನ್ನನ್ನು ಕೇಳಿದರೆ ಈಗಲೇ ಬಿಡಬೇಡ. ನಿನ್ನ ಕೋಡ್ ಓದುವ ಸೀನಿಯರ್ ಒಬ್ಬರಿದ್ದಾರೆ, ಅದು ಎಲ್ಲ ಕಡೆ ಸಿಗುವುದಿಲ್ಲ. ಪ್ರಶ್ನೆ ಕೇಳಿದರೆ ಅವಮಾನ ಮಾಡುವ ಜಾಗ ಆದರೆ, ವರ್ಷ ಕಳೆದರೂ ಹೊಸದು ಏನೂ ಕಲಿಯದಿದ್ದರೆ, ಆಗ ಹೊರಡು. ಹೊರಡುವಾಗ ಆಫರ್ ಕೈಯಲ್ಲಿರಲಿ. ನಿನ್ನ ನೋಟಿಸ್ ಅವಧಿ ಎಷ್ಟು ಅಂತ ನೇಮಕಾತಿ ಪತ್ರ ತೆಗೆದು ನೋಡು. ಬೆಂಗಳೂರಿನಲ್ಲಿ ಎಷ್ಟೋ ಕಡೆ ಅದು 90 ದಿನ. ಪಿಜಿಯಲ್ಲಿ ಯಾರೋ ಸುಳ್ಳು ಅನುಭವದ ಪತ್ರ ಮಾಡಿಸಿಕೊಡುತ್ತೇನೆ ಅಂದರು ಅಂತ ಬರೆದಿದ್ದೀಯ. ಆ ಕಡೆ ತಲೆ ಕೂಡ ಹಾಕಬೇಡ. ಪಿಎಫ್ ದಾಖಲೆಯಲ್ಲಿ ಯಾವ ಕಂಪನಿ, ಯಾವ ತಿಂಗಳು ಅಂತ ಎಲ್ಲ ಇರುತ್ತದೆ. ಹಿನ್ನೆಲೆ ಪರಿಶೀಲನೆಯಲ್ಲಿ ಅದನ್ನು ನೋಡುತ್ತಾರೆ. ಸಿಕ್ಕಿಬಿದ್ದರೆ ಕೆಲಸದ ಜೊತೆ ಹೆಸರೂ ಹೋಗುತ್ತದೆ.

ಇಂಗ್ಲಿಷ್ ಬಗ್ಗೆ ಅಷ್ಟೊಂದು ಚಿಂತೆ ಬೇಡ. ಮೀಟಿಂಗ್‌ಗೆ ಹೋಗುವ ಮೊದಲು ಹೇಳಬೇಕಾದ್ದನ್ನು ಮೂರು ಸಾಲು ಬರೆದುಕೊಂಡು ಹೋಗು. ಗೊತ್ತಾಗದ್ದನ್ನು ಟೀಮಿನ ಕನ್ನಡದವರ ಹತ್ತಿರ ಕನ್ನಡದಲ್ಲೇ ಕೇಳಿ ತಿಳಿದುಕೋ. ವಿಷಯ ಸ್ಪಷ್ಟವಾಗಿದ್ದರೆ ಮಾತು ತಾನಾಗಿ ಬರುತ್ತದೆ.

ರಾತ್ರಿ ಒಂದರವರೆಗೆ ಕೂತು ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿ "ಆಗುತ್ತಿದೆ" ಅನ್ನುವುದನ್ನು ನಿಲ್ಲಿಸು. ಒಂದೆರಡು ಗಂಟೆ ಒದ್ದಾಡಿ ದಾರಿ ಕಾಣದಿದ್ದರೆ ಕೇಳಿಬಿಡು. ಕೇಳುವಾಗ ಏನೇನು ಮಾಡಿ ನೋಡಿದೆ ಅಂತಲೂ ಹೇಳು.

ಸೋಮವಾರ ಆ ದೊಡ್ಡ ಫೈಲಿನಲ್ಲಿ ಒಂದೇ ಒಂದು ಫಂಕ್ಷನ್ ಆರಿಸಿಕೋ. ಅದಕ್ಕೆ ಟೆಸ್ಟ್ ಬರೆದು ಪುಲ್ ರಿಕ್ವೆಸ್ಟ್ ಹಾಕು. ಕೋಡನ್ನು ನನಗೆ ಕಳಿಸಬೇಡ, ಅದು ಕಂಪನಿಯದು. ಎಲ್ಲಿ ಸಿಕ್ಕಿಹಾಕಿಕೊಂಡೆ ಅಂತ ಬಾಯಲ್ಲಿ ಹೇಳಿದರೆ ಸಾಕು. ಭಾನುವಾರ ಸಂಜೆ ನಾನು ಮನೆಯಲ್ಲೇ ಇರುತ್ತೇನೆ, ಫೋನ್ ಮಾಡು.

ಪ್ರೀತಿಯಿಂದ,
ನಿನ್ನ ಅತ್ತೆ