‘ದೀಪ ದೊಡ್ಡದು ಮಾಡು’ ಎಂದರೆ ಯಂತ್ರಕ್ಕೂ ತಿಳಿಯಲಿ

ಸಂಪಾದಕರಿಗೆ,
ಮಾನ್ಯರೇ,

ಮಾತಿನಿಂದಲೇ ದೀಪ, ಫ್ಯಾನು, ಟಿ.ವಿ.ಗಳನ್ನು ನಡೆಸುವ ಸ್ಮಾರ್ಟ್ ಸ್ಪೀಕರ್‌ಗಳು ಸೋಮಾರಿಗಳ ಆಟಿಕೆ ಎಂಬರ್ಥದ ಪತ್ರವೊಂದು ನಿಮ್ಮ ಓದುಗರ ವಿಭಾಗದಲ್ಲಿ ಈಚೆಗೆ ಪ್ರಕಟವಾಗಿತ್ತು. ಎರಡು ವರ್ಷದ ಹಿಂದೆ ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಎದ್ದು ಹೋಗಿ ಸ್ವಿಚ್ಚು ಒತ್ತಲು ಏನು ದಾಡಿ ಎಂದು ಕೇಳುವವರು ಎದ್ದು ಹೋಗಬಲ್ಲವರು. ನಮ್ಮ ಮನೆಯಲ್ಲಿ 81 ವರ್ಷದ ನನ್ನ ತಾಯಿ ಇದ್ದಾರೆ. ಅಕ್ಷಿಪಟಲದ ತೊಂದರೆಯಿಂದ ಅವರಿಗೆ ಎದುರಿನದೆಲ್ಲ ಮಸುಕು. ಸಂಧಿವಾತದಿಂದಾಗಿ ಬೆರಳುಗಳಲ್ಲಿ ಬಲವಿಲ್ಲ.

ಪುಣೆಯಲ್ಲಿರುವ ಮಗ ಹೋದ ವರ್ಷದ ದೀಪಾವಳಿಗೆ ಬಂದಾಗ ಒಂದು ಸ್ಪೀಕರ್, ಎರಡು ಸ್ಮಾರ್ಟ್ ಬಲ್ಬು, ಜೊತೆಗೆ ರಿಮೋಟುಗಳ ಸಂಕೇತವನ್ನು ಕಲಿತುಕೊಂಡು ತಾನೇ ಹೊಮ್ಮಿಸುವ ಅಂಗೈಯಗಲದ ಒಂದು ಡಬ್ಬಿ ಇವಿಷ್ಟನ್ನು ಜೋಡಿಸಿಕೊಟ್ಟು ಹೋದ. ತಾಯಿಯ ಕೋಣೆಯಲ್ಲಿ ಮೊದಲೇ ರಿಮೋಟಿನಿಂದ ನಡೆಯುವ, ಕಡಿಮೆ ವಿದ್ಯುತ್ತು ಸಾಕಾಗುವ ಬಿಎಲ್‌ಡಿಸಿ ಫ್ಯಾನು ಇತ್ತು. ಹಳೆಯ ಫ್ಯಾನಿಗೆ ಸುಮಾರು 75 ವ್ಯಾಟ್ ಬೇಕಾದಲ್ಲಿ ಇದಕ್ಕೆ 30ರ ಆಸುಪಾಸು ಸಾಕು ಎಂದು ಬಿಲ್ಲಿನ ಉಳಿತಾಯಕ್ಕಾಗಿ ಹಾಕಿಸಿದ್ದು. ಅದರ ರಿಮೋಟು ಹೀಗೆ ಉಪಯೋಗಕ್ಕೆ ಬಂದೀತೆಂದು ಯಾರೂ ಎಣಿಸಿರಲಿಲ್ಲ. ಸೆಟ್‌ಟಾಪ್ ಬಾಕ್ಸಿನ ನಲವತ್ತು ಗುಂಡಿಗಳ ರಿಮೋಟು ನನ್ನ ತಾಯಿಯ ಮಟ್ಟಿಗೆ ಬರೀ ಒಂದು ಕರಿಯ ಹಲಗೆಯಾಗಿತ್ತು. ಮಧ್ಯಾಹ್ನ ದಾಸರ ಪದ ಕೇಳಬೇಕೆನಿಸಿದರೂ, ರಾತ್ರಿ ಬಚ್ಚಲಿಗೆ ಹೋಗಲು ದೀಪ ಬೇಕಾದರೂ ಅವರು ಮತ್ತೊಬ್ಬರನ್ನು ಕೂಗಬೇಕಿತ್ತು, ಇಲ್ಲವೇ ಗೋಡೆ ತಡವಬೇಕಿತ್ತು. ಧಾರವಾಡ ಆಕಾಶವಾಣಿ 1950ರಲ್ಲಿ ಆರಂಭವಾದಂದಿನಿಂದ ರೇಡಿಯೊ ಜೊತೆಗೇ ಬೆಳೆದ ಜೀವವದು. ಕೇಂದ್ರ ಹುಡುಕಲು ಕಣ್ಣು ಬೇಡ, ಕೈ ಬೇಡ, ಹೆಸರು ಹೇಳಿದರೆ ಸಾಕು ಎಂಬುದು ಅವರಿಗೆ ಎಷ್ಟು ದೊಡ್ಡ ಸ್ವಾತಂತ್ರ್ಯವೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಿರಿಕಿರಿಗಳು ಇಲ್ಲವೆಂದಲ್ಲ. ಗೋಡೆಯ ಸ್ವಿಚ್ಚು ಸದಾ ಆನ್ ಇದ್ದರೆ ಮಾತ್ರ ಬಲ್ಬು ಮಾತು ಕೇಳುತ್ತದೆ. ಮನೆಗೆಲಸದವರು ರೂಢಿಯಂತೆ ಆರಿಸಿ ಹೋಗುತ್ತಿದ್ದುದರಿಂದ ಕೊನೆಗೆ ಸ್ವಿಚ್ಚಿಗೇ ಟೇಪು ಅಂಟಿಸಬೇಕಾಯಿತು. ಒಮ್ಮೆ ನಸುಕಿನ ಮೂರು ಗಂಟೆಗೆ ಕರೆಂಟು ಹೋಗಿ ಬಂದಾಗ ಎರಡೂ ಬಲ್ಬುಗಳು ತಾವಾಗಿಯೇ ಝಗ್ಗನೆ ಹೊತ್ತಿಕೊಂಡು ಇಡೀ ಮನೆಯನ್ನು ಎಬ್ಬಿಸಿದ್ದವು. ಕರೆಂಟು ಬಂದಾಗ ಏನು ಮಾಡಬೇಕೆಂಬುದನ್ನು ಆ್ಯಪಿನಲ್ಲಿ ಬದಲಿಸಬಹುದೆಂದು ನಂತರ ತಿಳಿಯಿತು. ಇಂಟರ್ನೆಟ್ ಕಡಿತಗೊಂಡರೆ ಸ್ಪೀಕರ್ ಮೂಕವಾಗುತ್ತದೆ. ಆದ್ದರಿಂದ ಹಳೆಯ ಸ್ವಿಚ್ಚುಗಳನ್ನು ಕಿತ್ತುಹಾಕುವ ಗೋಜಿಗೆ ಯಾರೂ ಹೋಗದಿರಲಿ.

ಇವೆಲ್ಲವೂ ಸಣ್ಣ ಮಾತು. ನಾನು ಬರೆಯಲು ಕೂತಿರುವುದು ಭಾಷೆಯ ವಿಷಯಕ್ಕೆ. ನಮ್ಮ ಸ್ಪೀಕರಿನ ಭಾಷೆಗಳ ಪಟ್ಟಿಯಲ್ಲಿ ಇಂಗ್ಲಿಷ್ ಇದೆ, ಹಿಂದಿ ಇದೆ, ಕನ್ನಡವಿಲ್ಲ. ತಾಯಿಗೆ ಬರುವುದು ಕನ್ನಡವೊಂದೇ. ಆದ್ದರಿಂದ ಅವರು ಎಂಟು ಇಂಗ್ಲಿಷ್ ಅಪ್ಪಣೆಗಳನ್ನು, ಅರ್ಥ ಕೇಳದೆ ಮಂತ್ರ ಕಲಿತಂತೆ, ಮೊಮ್ಮಗನಿಂದ ಬಾಯಿಪಾಠ ಮಾಡಿಕೊಂಡರು. ಕನ್ನಡದ ನಾಲಿಗೆ ಪದದ ಕೊನೆಗೊಂದು ಸ್ವರ ಸೇರಿಸದೆ ಬಿಡುವುದಿಲ್ಲ. ‘ಟರ್ನು ಆಫು ಫ್ಯಾನು’ ಎಂದು ಮೂರು ಸಲ ಹೇಳಿದ ಮೇಲೆ ಅದಕ್ಕೆ ಒಂದು ಸಲ ತಿಳಿದರೆ ಪುಣ್ಯ. ಯಂತ್ರದ್ದು ಹೆಣ್ಣುದನಿಯಾದ್ದರಿಂದ ಅವರು ಸಹಜವಾಗಿ ‘ತಂಗೀ, ಫ್ಯಾನ್ ಹಚ್ಚವಾ’ ಎನ್ನುತ್ತಾರೆ. ಅದು ಸುಮ್ಮನಿರುತ್ತದೆ. ಇಷ್ಟು ಆದರದಿಂದ ಕೇಳಿದರೂ ಉತ್ತರಿಸದ ಇದೆಂಥ ಹುಡುಗಿ ಎಂಬ ಬೇಸರ ಅವರಿಗೆ. ವಚನ ಕೇಳಿದಾಗ ಅದು ‘ಬಚ್ಚನ್’ ಎಂದು ಕೇಳಿಸಿಕೊಂಡದ್ದೂ ಉಂಟು. ಹಾಡುಗಳ ಹೆಸರು ರೋಮನ್ ಲಿಪಿಯಲ್ಲಿ ದಾಖಲಾಗಿರುವಲ್ಲಿ ಕಲೆ, ಕಳೆ, ಕಾಲೆ, ಕಾಳೆ ಎಲ್ಲವೂ ಒಂದೇ ಆಗಿಬಿಡುತ್ತವೆ. ಹ್ರಸ್ವ ದೀರ್ಘಗಳ, ಲ ಮತ್ತು ಳಗಳ ಭೇದವನ್ನೇ ಅಳಿಸಿಹಾಕಿದ ಪಟ್ಟಿಯಲ್ಲಿ ಕನ್ನಡ ಭಾವಗೀತೆಯೊಂದನ್ನು ಹುಡುಕುವುದು ಇಂಗ್ಲಿಷ್ ಬಲ್ಲ ನನಗೇ ಕಷ್ಟವಾಗಿರುವಾಗ ಅವರ ಪಾಡೇನು?

ಬರೀ ಪದಗಳನ್ನು ಅನುವಾದಿಸಿಕೊಟ್ಟರೂ ಸಾಲದು. ದೀಪ ‘ಆರಿಸು’ ಎನ್ನುವುದು ಅಶುಭವೆಂದು ನಮ್ಮ ಮನೆಯ ಹಿರಿಯರು ‘ದೀಪ ದೊಡ್ಡದು ಮಾಡು’ ಎನ್ನುತ್ತಾರೆ. ನಿಘಂಟು ನೋಡಿ ಕನ್ನಡ ಕಲಿತ ಯಂತ್ರವಾದರೆ ಈ ಮಾತಿಗೆ ಬೆಳಕನ್ನು ಇನ್ನಷ್ಟು ಹೆಚ್ಚಿಸುತ್ತದೆಯೇ ಹೊರತು ಮಲಗಲು ಬಿಡುವುದಿಲ್ಲ. ಧಾರವಾಡದಲ್ಲಿ ‘ಹಚ್ಚುವ’ ಫ್ಯಾನನ್ನು ಮೈಸೂರಿನವರು ‘ಹಾಕುತ್ತಾರೆ’. ಇದೆಲ್ಲ ಪುಸ್ತಕದ ವಾಕ್ಯಗಳಿಂದ ಕಲಿಯುವಂಥದ್ದಲ್ಲ.

ತಂತ್ರಜ್ಞಾನ ಇನ್ನೂ ಅಲ್ಲಿಯವರೆಗೆ ಬಂದಿಲ್ಲ ಎಂಬ ಸಮಜಾಯಿಷಿ ಈಗ ನಿಲ್ಲುವುದಿಲ್ಲ. ಗೂಗಲ್ ತನ್ನ ಫೋನ್ ಕೀಲಿಮಣೆಯಲ್ಲಿ ಕನ್ನಡ ಮಾತನ್ನು ಅಕ್ಷರಕ್ಕಿಳಿಸುವ ಸೌಲಭ್ಯ ಕೊಟ್ಟದ್ದು 2017ರಲ್ಲಿ. ಮಾತಿಗೆ ಮಾತು ಕೊಡುವ ಅದರ ಎಐ ಸೌಲಭ್ಯ ಜೆಮಿನಿ ಲೈವ್ 2024ರಲ್ಲಿ ಕನ್ನಡದಲ್ಲಿ ಸಂಭಾಷಣೆಗೂ ಸಿದ್ಧವಾಯಿತು. ಅಮೆಜಾನಿನ ಸ್ಪೀಕರುಗಳಲ್ಲಿ ಮಾತು ಕೇಳಿ ಉತ್ತರಿಸುವ ಅಲೆಕ್ಸಾ 2017ರಲ್ಲಿ ಭಾರತಕ್ಕೆ ಬಂದು, ಎರಡೇ ವರ್ಷದಲ್ಲಿ ಹಿಂದಿ ಕಲಿಯಿತು. ಇತ್ತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ‘ರೆಸ್ಪಿನ್’ ಯೋಜನೆಯಡಿ ಕನ್ನಡವೂ ಸೇರಿ ಒಂಬತ್ತು ಭಾಷೆಗಳ ಮಾತಿನ ಮಾದರಿಗಳನ್ನು ಕಲೆಹಾಕಿದೆ. ಭಾರತೀಯ ಭಾಷೆಗಳ ಅನುವಾದ, ಮಾತಿನ ತಂತ್ರಜ್ಞಾನಕ್ಕಾಗಿ ಕೇಂದ್ರ ಸರ್ಕಾರದ ‘ಭಾಷಿಣಿ’ ಯೋಜನೆ 2022ರಿಂದ ನಡೆಯುತ್ತಿದೆ. 2011ರ ಜನಗಣತಿಯಂತೆ ಕನ್ನಡ ತಾಯ್ನುಡಿಯವರು 4.37 ಕೋಟಿ ಜನ. ಅಂಗೈಯಲ್ಲಿರುವ ಫೋನಿಗೆ ತಿಳಿಯುವ ಕನ್ನಡ, ಮೇಜಿನ ಮೇಲಿರುವ ಸ್ಪೀಕರಿಗೆ ತಿಳಿಯದಿರುವುದಕ್ಕೆ ಉಪೇಕ್ಷೆಯಲ್ಲದೆ ಬೇರೆ ಕಾರಣ ನನಗೆ ಕಾಣುವುದಿಲ್ಲ.

ಹರಟೆ ಹೊಡೆಯುವ, ಜೋಕು ಹೇಳುವ ಕನ್ನಡವನ್ನು ನಾವು ಮೊದಲಿಗೇ ಕೇಳುತ್ತಿಲ್ಲ. ದೀಪ, ಫ್ಯಾನು, ಟಿ.ವಿ., ಹಾಡು, ಸಮಯ, ಮಾತ್ರೆಯ ನೆನಪು ಇವುಗಳಿಗೆ ಸಂಬಂಧಿಸಿದ ಮೂವತ್ತು ನಲವತ್ತು ಅಪ್ಪಣೆಗಳು, ಆಯಾ ಸೀಮೆಯ ರೂಢಿಯ ಮಾತುಗಳಲ್ಲಿ, ಮೊದಲು ಬಂದರೆ ಸಾಕು. ಇಷ್ಟು ಸಣ್ಣ ಪಟ್ಟಿಯನ್ನು ಇಂಟರ್ನೆಟ್ಟಿಗೆ ಕಳಿಸದೆ ಸಾಧನದಲ್ಲಿಯೇ ಗುರುತಿಸಲು ಸಾಧ್ಯವಿದ್ದು, ಹಾಗಾದರೆ ನೆಟ್ ಹೋದಾಗಲೂ ಫ್ಯಾನು ತಿರುಗೀತು, ಮನೆಯ ಮಾತು ಮನೆಯಲ್ಲಿಯೇ ಉಳಿದೀತು. ಎರಡನೆಯದು ಕಡಿಮೆ ಮಹತ್ವದ್ದಲ್ಲ: ಅಲೆಕ್ಸಾ ಕೇಳಿಸಿಕೊಂಡ ಮಕ್ಕಳ ದನಿಮುದ್ರಣಗಳನ್ನು ಅಳಿಸದೆ ಇಟ್ಟುಕೊಂಡ ಆರೋಪದ ಮೇಲೆ ಅಮೆರಿಕದಲ್ಲಿ 2023ರಲ್ಲಿ ಅಮೆಜಾನ್ 2.5 ಕೋಟಿ ಡಾಲರ್ ದಂಡ ತೆರಲು ಒಪ್ಪಿಕೊಂಡಿತ್ತು. ನಮ್ಮ ಮನೆಯಲ್ಲಿ ಬೀಗರು ಬಂದಾಗ ನಾನು ಮೈಕಿನ ಗುಂಡಿ ಒತ್ತಿ ಅದರ ಕಿವಿ ಮುಚ್ಚಿಬಿಡುತ್ತೇನೆ.

2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ 43ನೇ ಕಲಮು, ಅಂಗವಿಕಲರೂ ಬಳಸಬಹುದಾದಂತೆ ರೂಪಿಸಿದ ಗ್ರಾಹಕ ವಸ್ತುಗಳ ತಯಾರಿಕೆ, ವಿತರಣೆಗಳನ್ನು ಉತ್ತೇಜಿಸಲು ಸರ್ಕಾರ ಕ್ರಮ ಕೈಗೊಳ್ಳಬೇಕೆಂದು ಹೇಳುತ್ತದೆ. ಫಲಕ, ನಾಮಪಟ್ಟಿಗಳ ಕನ್ನಡದ ಬಗ್ಗೆ ಕಾಳಜಿ ವಹಿಸುವ ಕನ್ನಡ ಅಭಿವೃದ್ಧಿ ಪ್ರಾಧಿಕಾರವು ಈ ಕಲಮನ್ನು ಕೈಯಲ್ಲಿ ಹಿಡಿದು ಕಂಪನಿಗಳೊಂದಿಗೆ ಮಾತಿಗೆ ಕೂರಬೇಕು. ಮಾತಿನ ಮಾದರಿ ಸಂಗ್ರಹಿಸುವವರು ಕಾಲೇಜು ಹುಡುಗರ ಕೈಗೆ ವಾಕ್ಯಗಳನ್ನು ಕೊಟ್ಟು ಓದಿಸಿ ಮುಗಿಸದೆ, ಹಲ್ಲಿಲ್ಲದ ಬಾಯಿಗಳ ಮುಂದೆಯೂ ಮೈಕು ಹಿಡಿಯಬೇಕು. ನನ್ನ ತಾಯಿ ಮಾತನಾಡಲು ಸಿದ್ಧರಿದ್ದಾರೆ. ಸಂಜೆ ನಾಲ್ಕರ ಚಹಾ ಆದ ಮೇಲೆ ಬಂದರೆ ಒಳ್ಳೆಯದು.

ಇತಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಧಾರವಾಡ